ಗಾಯದ ನೂಲು

1876, ಸೆಪ್ಟೆಂಬರ್ 4, ಸೋಮವಾರ

ನಮ್ಮ ಮಠದ ಮುಖ್ಯಸ್ಥೆ ಮದರ್ ಕ್ಲೋತಿಲ್ಡ್ ಇವತ್ತು ಕರೆದು, "ಆಪೊಲಿನ್, ಆ ಮನುಷ್ಯನ ಮೇಲೆ ಒಂದು ಕಣ್ಣಿಟ್ಟಿರು" ಎಂದರು. ಅವರು ಹೇಳದಿದ್ದರೂ ಇಡುತ್ತಿದ್ದೆ. ಎರಡು ಕಣ್ಣನ್ನೂ ಇಡುತ್ತಿದ್ದೆ. ನನಗೀಗ ಐವತ್ತೆಂಟು. ಯಾವ ದಿನ ಏನು ನೋಡಿದೆ ಎಂಬುದು ಕಲಸಿಹೋಗಬಾರದೆಂದು ಔಷಧದ ಕೋಣೆಯಿಂದ ಈ ನೋಟುಪುಸ್ತಕ ತಂದುಕೊಂಡಿದ್ದೇನೆ. ಇದು ನನಗೆ ಮಾತ್ರ.

ಆ ಮನುಷ್ಯ ಎಂದರೆ ನಮ್ಮ ಆಸ್ಪತ್ರೆಯ ಹೊಸ ಸರ್ಜನ್, ಡಾಕ್ಟರ್ ಸೋವಾಜೋ. ಪ್ಯಾರಿಸ್ಸಿನಲ್ಲಿ ಓದಿ, ಆಮೇಲೆ ಇಂಗ್ಲಿಷರ ಕಡೆ ಹೋಗಿ ಏನೇನೋ ಕಲಿತು ಬಂದವನು. ನಲವತ್ತರ ಒಳಗೆ. ಗಡ್ಡ ಬೋಳಿಸಿದ್ದಾನೆ. ಗಡ್ಡವಿಲ್ಲದ ಡಾಕ್ಟರನ್ನು ನಾನು ಇದುವರೆಗೆ ಕಂಡಿಲ್ಲ. ಮುಖವನ್ನು ಅಷ್ಟು ಬಿಚ್ಚಿಟ್ಟುಕೊಂಡವನು ಬೇರೇನನ್ನೋ ಮುಚ್ಚಿಟ್ಟಿರಬೇಕು.

ಬಂದವನೇ ಹಳೆಯ ಡಾಕ್ಟರ್ ಮಿಲ್ಸಾಂ ಅವರ ಕೋಟಿಗೆ ಕೈ ಹಾಕಿದ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಮೊಳೆಗೆ ತೂಗಿದ್ದ ಕಪ್ಪು ಕೋಟು. ಅದನ್ನು ತೊಟ್ಟೇ ಅವರು ಕೈಕಾಲು ಕತ್ತರಿಸುತ್ತಿದ್ದರು. ರಕ್ತ ಒಣಗಿ ಒಣಗಿ ಎದೆಯ ಭಾಗ ತಗಡಾಗಿತ್ತು. ಕೋಟು ಎಷ್ಟು ಗಟ್ಟಿಯೋ ಅನುಭವ ಅಷ್ಟು ಎಂದು ಊರೇ ಮರ್ಯಾದೆ ಕೊಡುತ್ತಿತ್ತು. ಸೋವಾಜೋ ಅದನ್ನು ಇಕ್ಕಳದಲ್ಲಿ ಹಿಡಿದು ಅಂಗಳಕ್ಕೆ ಒಯ್ದು ಸುಟ್ಟ. ಮಿಲ್ಸಾಂ ಈಗ ಆಸ್ಪತ್ರೆಯ ಆಡಳಿತ ಮಂಡಳಿಯಲ್ಲಿದ್ದಾರೆ. ಇದನ್ನು ಮರೆಯುವವರಲ್ಲ.

ಸುಟ್ಟಾದ ಮೇಲೆ ನಮ್ಮ ಹೆಂಗಸರ ವಾರ್ಡಿಗೆ ಬಂದು ನನ್ನ ಕೈ ನೋಡಬೇಕೆಂದ.

"ಎರಡೂ ಬದಿ ತೋರಿಸಿ, ಸಿಸ್ಟರ್."

ನಮ್ಮ ಅನಾಥಾಲಯದ ಮಕ್ಕಳಿಗೆ ಊಟಕ್ಕೆ ಮುಂಚೆ ನಾನು ಹಾಗೆ ಹೇಳುತ್ತಿದ್ದೆ. ಮೂವತ್ತೊಂದು ವರ್ಷ ಗಾಯ ಕಟ್ಟಿದ ಕೈ ನನ್ನದು. ತೋರಿಸಿದೆ. ಬೇಸಿನ್ನಿನಲ್ಲಿದ್ದ ಯಾವುದೋ ನೀರಿಗೆ ಅದ್ದಿಸಿದ. ಸಂಜೆಯಾದರೂ ಬೆರಳಿನಿಂದ ಡಾಂಬರಿನ ವಾಸನೆ ಹೋಗಿಲ್ಲ.

ಸೆಪ್ಟೆಂಬರ್ 8, ಶುಕ್ರವಾರ

ಕೋಪದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಇರಲಿ.

ಶುಕ್ರವಾರ ಮಧ್ಯಾಹ್ನ ಊರಿನ ಹೆಂಗಸರು ನಮ್ಮ ಮುಂಕೋಣೆಯಲ್ಲಿ ಸೇರುತ್ತಾರೆ. ಹಳೆಯ ಲಿನನ್ ಹಾಸುಬಟ್ಟೆ, ಅಂಗಿ, ಮೇಜಿನ ಬಟ್ಟೆ ತರುತ್ತಾರೆ. ಅಂಗೈಯಗಲ ಚೂರು ಮಾಡಿ ಎಳೆ ಎಳೆಯಾಗಿ ಬಿಡಿಸುವುದು. ಒಂದು ಎಳೆಗೆ ಒಂದು 'ನಮೋ ಮರಿಯೆ' ಪ್ರಾರ್ಥನೆ. ಆ ಎಳೆಗಳ ಮೆತ್ತನೆಯ ಮುದ್ದೆಯೇ ಗಾಯದ ನೂಲು. ಗಾಯದೊಳಗೆ ತುಂಬಿ ಪಟ್ಟಿ ಕಟ್ಟಿದರೆ ಕೀವನ್ನೆಲ್ಲ ಎಳೆದುಕೊಳ್ಳುತ್ತದೆ. ಪ್ರಷ್ಯದವರ ಯುದ್ಧದ ವರ್ಷ ನಾವು ಸೈನಿಕರಿಗೆ ಎಂಟು ಮೂಟೆ ಕಳಿಸಿದ್ದೆವು. ಈ ಊರಿನಲ್ಲಿ ನನ್ನಷ್ಟು ಸಣ್ಣಗೆ ಎಳೆ ಬಿಡಿಸುವವರಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೇ ಹೇಳುತ್ತಿದ್ದೇನೆ, ದೇವರು ಕ್ಷಮಿಸಲಿ.

ಸೋವಾಜೋ ಬಾಗಿಲು ತಟ್ಟದೆ ಬಂದ. ನೋಟರಿಯ ಹೆಂಡತಿಯ ಮಡಿಲಿನಿಂದ ಒಂದು ಹಿಡಿ ನೂಲು ತೆಗೆದು ಮೂಸಿದ.

"ಈ ಬಟ್ಟೆ ಯಾರದು?"

"ನಮ್ಮತ್ತೇದು, ಡಾಕ್ಟ್ರೇ. ಹೋದ ತಿಂಗಳು ತೀರಿಕೊಂಡ್ರು, ಪಾಪ."

"ಏನಾಗಿತ್ತು?"

"ಜ್ವರ."

"ತೊಳೆಸಿದ್ರಾ?"

"ಅಯ್ಯೋ, ತೊಳೆಸದೆ ತರ್ತೀನಾ? ನದೀಲಿ ಹಿಂಡಿಸಿದ್ದೀನಿ."

"ನದೀಲಿ," ಎಂದ. ನೂಲನ್ನು ಜೇಬಿಗೆ ಹಾಕಿಕೊಂಡ. ಬಾಗಿಲ ಬಳಿ ತಿರುಗಿ ನಿಂತು, "ಇನ್ನು ಮೇಲೆ ಈ ಕಸ ನನ್ನ ವಾರ್ಡಿಗೆ ಬರಕೂಡದು" ಎಂದ.

ಕಸ! ಹನ್ನೊಂದು ಜನ ಹೆಂಗಸರ ಮುಂದೆ. ನೋಟರಿಯ ಹೆಂಡತಿ ಅತ್ತೇಬಿಟ್ಟಳು.

ನನ್ನ ಬೀರುವಿನಲ್ಲಿ ಒಂದು ಸಣ್ಣ ಚೀಲವಿದೆ. ನಮ್ಮ ಮಠ ಕಟ್ಟಿದ ಮದರ್ ಫೆಲಿಸಿತೆ ತೀರಿಕೊಂಡಾಗ ಮಲಗಿದ್ದ ಹಾಸುಬಟ್ಟೆಯ ನೂಲು ಅದರಲ್ಲಿದೆ. ಅಂಚಿನಲ್ಲಿ ನೀಲಿ ಹೊಲಿಗೆಯಿದ್ದುದರಿಂದ ನಡುನಡುವೆ ನೀಲಿ ಎಳೆ. ಪಾದ್ರಿಗಳು ಮಂತ್ರಿಸಿ ಕೊಟ್ಟಿದ್ದಾರೆ. ಇದುವರೆಗೆ ಯಾರಿಗೂ ಬಳಸಿಲ್ಲ. ಅದನ್ನೂ ಇವನು ಮೂಸಿ ಕಸ ಎಂದಾನು. ಬೀಗ ಹಾಕಿದೆ.

ಸೆಪ್ಟೆಂಬರ್ 19, ಮಂಗಳವಾರ

ಬೆರಳ ಸಂದಿಯೆಲ್ಲ ಬಿರಿದಿದೆ. ದಿನಕ್ಕೆ ಇಪ್ಪತ್ತು ಸಲ ಆ ಕಾರ್ಬಾಲಿಕ್ ನೀರಿಗೆ ಅದ್ದಿದರೆ ಇನ್ನೇನಾಗುತ್ತದೆ.

ಅವನಿಲ್ಲದಾಗ ಅವನ ಕೋಣೆಗೆ ಹೋದೆ, ದೂಳು ಒರೆಸಲು. ನನ್ನ ಪುಸ್ತಕದಲ್ಲಿ ನಾನೇ ಏಕೆ ಸುಳ್ಳು ಬರೆಯಲಿ, ನೋಡಲು ಹೋದೆ. ಕಿಟಕಿಯ ಬಳಿ ಸಾಲಾಗಿ ಗಾಜಿನ ಲೋಟಗಳು, ಎಲ್ಲದರಲ್ಲೂ ಮಾಂಸದ ಸಾರು. ಒಂದರ ಬಾಯಿಗೆ ಹತ್ತಿ ತುರುಕಿತ್ತು, ಅದು ತಿಳಿಯಾಗಿತ್ತು. ಪಕ್ಕದ್ದರಲ್ಲಿ ನಮ್ಮ ಗಾಯದ ನೂಲು ಬಿದ್ದಿತ್ತು, ಸಾರು ಬಗ್ಗಡವಾಗಿತ್ತು. ತಿನ್ನುವ ಸಾರನ್ನು ಕೊಳೆಯಲು ಇಡುವವನು ಎಂಥವನು? ಪೂಜೆಗೂ ತಡವಾಗಿ ಬರುತ್ತಾನೆ, ಕೊನೆಯ ಬೆಂಚಿನಲ್ಲಿ ಕೂರುತ್ತಾನೆ. ಎಲ್ಲವನ್ನೂ ಕೂಡಿಸಿ ನೋಡಬೇಕು.

ಇನ್ನೊಂದು ವಿಷಯ. ಹದಿನೈದು ದಿನದಲ್ಲಿ ನನ್ನ ವಾರ್ಡಿನಲ್ಲಿ ಗಾಯ ಕೊಳೆತು ಒಬ್ಬರೂ ಸತ್ತಿಲ್ಲ. ಮಾಮೂಲಿನಂತೆ ಮೂರು ನಾಲ್ಕು ಜನ ಹೋಗಬೇಕಿತ್ತು. ಇದರಲ್ಲಿ ಏನೋ ಇದೆ.

ಸೆಪ್ಟೆಂಬರ್ 27, ಬುಧವಾರ

ನನ್ನ ಲಿಯೋನಿಯನ್ನು ಹಲಗೆಯ ಮೇಲೆ ಹೊತ್ತು ತಂದರು.

ಮೂರು ವರ್ಷದ ಮಗುವಾಗಿ ಅನಾಥಾಲಯದ ಬಾಗಿಲಿಗೆ ಬಂದವಳು. ನನ್ನ ಲಂಗದ ಅಂಚು ಹಿಡಿದುಕೊಂಡೇ ಬೆಳೆದಳು. ಈಗ ಇಪ್ಪತ್ತು; ನದಿಯ ದಡದಲ್ಲಿ ಬಟ್ಟೆ ಒಗೆದು ಬದುಕುತ್ತಾಳೆ. ದ್ರಾಕ್ಷಿ ಕೊಯ್ಲಿಗೆಂದು ನಾಲ್ಕು ದಿನ ಹೋಗಿದ್ದಳು. ಗಾಡಿಯಿಂದ ತುಂಬಿದ ಪೀಪಾಯಿ ಉರುಳಿ ಎಡಗಾಲಿನ ಮೇಲೆ ಬಿದ್ದಿದೆ. ಮೂಳೆ ಚರ್ಮ ಹರಿದುಕೊಂಡು ಹೊರಗೆ ಬಂದಿದೆ.

ಸುದ್ದಿ ಕೇಳಿ ಮಿಲ್ಸಾಂ ಅವರೇ ಓಡಿ ಬಂದರು.

"ಮೊಣಕಾಲ ಮೇಲಕ್ಕೆ ತೆಗೀರಿ, ಈಗಲೇ. ಕಾಲು ಉಳಿಸೋಕೆ ಹೋದ್ರೆ ಹುಡುಗಿ ಉಳಿಯಲ್ಲ."

"ಎರಡೂ ಉಳಿಯತ್ತೆ," ಎಂದ ಸೋವಾಜೋ.

"ಹೆಣಕ್ಕೆ ಎರಡೂ ಕಾಲಿದ್ರೆ ನಿಮಗೆ ಸಮಾಧಾನವೋ?"

ಲಿಯೋನಿ ನನ್ನ ಕೈ ಹಿಡಿದು, "ಸಿಸ್ಟರ್, ಕತ್ತರಿಸೋದು ಬೇಡ ಅನ್ನಿ" ಎಂದಳು. ನಾನು ಯಾರ ಪರವಾಗಿ ಹೇಳಲಿ? ಮೂಳೆ ಹೊರಬಂದ ಕಾಲು ಉಳಿದಿದ್ದನ್ನು ಈ ಮೂವತ್ತೊಂದು ವರ್ಷದಲ್ಲಿ ನಾನು ನೋಡಿಲ್ಲ. ಕತ್ತರಿಸಿದವರಲ್ಲೂ ಅರ್ಧ ಜನ ಹೋಗುತ್ತಾರೆ. ಅವಳ ಹಣೆಯ ಬೆವರು ಒರೆಸಿದೆ.

ಅವನು ಎರಡು ಗಂಟೆ ತೊಳೆದ. ಮೂಳೆಯನ್ನು ಬೆಳ್ಳಿಯ ತಂತಿಯಲ್ಲಿ ಕಟ್ಟಿದ. ಎಂಟು ಪದರ ಜಾಳು ಬಟ್ಟೆಯನ್ನು ಆ ಕಾರ್ಬಾಲಿಕ್ ಆಸಿಡ್ಡಿನಲ್ಲಿ ನೆನೆಸಿ ಸುತ್ತಿದ. ವಾರ್ಡಿಗೆ ತಂದಾಗ ಪಕ್ಕದ ಹಾಸಿಗೆಯಿಂದ ಮದಾಂ ತಿಬೋ ಎದ್ದು ಕೂತಳು. ಮೀನು ಮಾರುವವಳು, ಎದೆಯ ಗಡ್ಡೆ ತೆಗೆಸಿಕೊಂಡು ಮಲಗಿದ್ದಾಳೆ. ಬಾಯಿಗೆ ಮಾತ್ರ ಏನೂ ಆಗಿಲ್ಲ.

"ಏನ್ ಸಿಸ್ಟರಮ್ಮ, ಹುಡ್ಗೀನ ದೋಣಿಗೆ ಬಳಿಯೋ ಡಾಂಬರಲ್ಲಿ ಅದ್ದಿ ತಂದ್ರಾ? ನನ್ ಮೀನಿಗೂ ಒಂಚೂರು ಕೊಡ್ಸಿ ಮತ್ತೆ. ವಾರ ಆದ್ರೂ ಕೆಡಲ್ಲ ಅನ್ಸತ್ತೆ!"

ನಗು ಬರಲಿಲ್ಲ.

ಅಕ್ಟೋಬರ್ 3, ಮಂಗಳವಾರ

ಲಿಯೋನಿಗೆ ಜ್ವರವಿಲ್ಲ. ಎರಡು ಬಟ್ಟಲು ಸೂಪು ಕುಡಿದು ಬ್ರೆಡ್ಡು ಕೇಳಿದಳು.

ಅವನು ಪಟ್ಟಿ ಬಿಚ್ಚುವುದೇ ಇಲ್ಲ. ಮೇಲಿನ ಪದರ ಮಾತ್ರ ಬದಲಿಸುತ್ತಾನೆ. ದಿನಕ್ಕೆರಡು ಸಲ ಬಿಚ್ಚಿ ಕೀವು ತೆಗೆಯುವುದು ನಮ್ಮ ಪದ್ಧತಿ. ಕೇಳಿದೆ.

"ಚೆನ್ನಾಗಿರೋದನ್ನ ಕೆದಕಬಾರದು, ಸಿಸ್ಟರ್."

"ಚೆನ್ನಾಗಿದೆ ಅಂತ ನೋಡದೆ ಹೇಗೆ ಗೊತ್ತಾಗತ್ತೆ, ಡಾಕ್ಟ್ರೇ?"

ಗಡಿಯಾರ ನೋಡಿ ಮುಂದಿನ ಹಾಸಿಗೆಗೆ ಹೋದ. ಎಂಟು ಪದರದ ಕೆಳಗೆ ಏನಿದೆ? ಯಾರಿಗೂ ತೋರಿಸುವುದಿಲ್ಲವೇಕೆ?

ಅಕ್ಟೋಬರ್ 8, ಭಾನುವಾರ

ಎಲ್ಲರೂ ಪೂಜೆಗೆ ಹೋಗಿದ್ದಾಗ, ಮದಾಂ ತಿಬೋ ಗೊರಕೆ ಹೊಡೆಯುತ್ತಿದ್ದಾಗ, ನಾನು ಲಿಯೋನಿಯ ಪಟ್ಟಿ ಬಿಚ್ಚಿ ನೋಡಿದೆ. ಅವಳು ಅಫೀಮಿನ ಹನಿಯ ಮಂಪರಿನಲ್ಲಿದ್ದಳು.

ಅನುಮಾನ ಸರಿಯಾಗಿತ್ತು. ಗಾಯದಲ್ಲಿ ಕೀವಿಲ್ಲ! ಒಂದು ತೊಟ್ಟೂ ಇಲ್ಲ. ಹನ್ನೊಂದು ದಿನದ ಗಾಯ, ಗುಲಾಬಿ ಬಣ್ಣಕ್ಕೆ ಒಣಗಿ ಕೂತಿದೆ. ಗಾಯ ವಾಸಿಯಾಗಬೇಕಾದರೆ ಬೆಳ್ಳಗಿನ ಒಳ್ಳೆಯ ಕೀವು ಬರಲೇಬೇಕು; ಅದು ಮಿಲ್ಸಾಂ ಅವರು ನನಗೆ ಕಲಿಸಿದ ಮೊದಲ ಪಾಠ. ಬರಲಿಲ್ಲವೆಂದರೆ ವಿಷವೆಲ್ಲ ಒಳಗೇ ನಿಂತಿದೆ. ಆ ಆಸಿಡ್ಡು ಬಾಯಿ ಮುಚ್ಚಿಬಿಟ್ಟಿದೆ. ಇದನ್ನೇ ಅವನು ಮುಚ್ಚಿಟ್ಟದ್ದು.

ಮದರ್ ಫೆಲಿಸಿತೆಯ ಚೀಲ ತೆರೆದೆ. ಒಂದು ಹಿಡಿ ನೂಲು ತೆಗೆದು, ಪ್ರತಿ ಎಳೆಗೂ ಪ್ರಾರ್ಥನೆ ಹೇಳಿ, ಗಾಯದ ಬಾಯನ್ನು ಬೆರಳಿನಿಂದ ಸ್ವಲ್ಪ ಬಿಡಿಸಿ ಒಳಗಿಟ್ಟೆ. ಮೇಲೆ ಅವನ ಪದರಗಳನ್ನು ಇದ್ದ ಹಾಗೇ ಸುತ್ತಿದೆ. ನನ್ನ ಕೈಕೆಲಸ ಅವನಿಗೆ ತಿಳಿಯದು.

ಮಗೂ, ಇನ್ನು ನಿನಗೆ ಭಯವಿಲ್ಲ. ನೆಮ್ಮದಿಯಾಗಿದೆ.

ಅಕ್ಟೋಬರ್ 11, ಬುಧವಾರ

ಜ್ವರ. ಹಲ್ಲು ಕಟಕಟ ಎನ್ನುವ ಚಳಿ. ಕೀವು ಹೊರಡುವ ಮುಂಚೆ ಹೀಗಾಗುವುದುಂಟು. ಆದರೂ ಆ ಆಸಿಡ್ಡು ಏನು ಮಾಡಿಟ್ಟಿದೆಯೋ.

ಅಕ್ಟೋಬರ್ 12, ಗುರುವಾರ

ಅವನು ಪಟ್ಟಿ ಬಿಚ್ಚಿದ. ಬೇಸಿನ್ ಹಿಡಿದು ಪಕ್ಕದಲ್ಲಿ ನಾನಿದ್ದೆ. ವಾಸನೆಗೆ ಮದಾಂ ತಿಬೋ ಕೂಡ ಮುಖ ತಿರುಗಿಸಿದಳು. ಮೊಣಕಾಲಿನವರೆಗೆ ಊದಿಕೊಂಡು ಕಪ್ಪಾಗಿದೆ.

ಚಿಮಟದಲ್ಲಿ ಒಂದು ಮುದ್ದೆ ಹೊರಗೆಳೆದ. ಕೀವಿನಲ್ಲಿ ನೆನೆದಿದ್ದರೂ ನೀಲಿ ಎಳೆ ಕಾಣುತ್ತಿತ್ತು. ಬೆಳಕಿಗೆ ಹಿಡಿದು ಬಹಳ ಹೊತ್ತು ಅದನ್ನೇ ನೋಡಿದ. ನನ್ನನ್ನು ನೋಡಲಿಲ್ಲ.

"ನಾನು ಕಟ್ಟಿದ್ಮೇಲೆ ಇದನ್ನ ಯಾರು ಬಿಚ್ಚಿದ್ರು?"

"ಯಾರು ಬಿಚ್ಚಿದ್ದನ್ನೂ ನಾನು ನೋಡಿಲ್ಲ, ಡಾಕ್ಟ್ರೇ."

ನನ್ನನ್ನು ನಾನು ನೋಡಿಕೊಳ್ಳಲು ವಾರ್ಡಿನಲ್ಲಿ ಕನ್ನಡಿಯಿಲ್ಲ.

ಮುದ್ದೆಯನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಯಾರಿಗೂ ಏನೂ ಹೇಳಲಿಲ್ಲ. ಏಕೆ? ತನ್ನ ಆಸಿಡ್ಡಿನ ತಪ್ಪನ್ನು ನಮ್ಮ ಪವಿತ್ರ ನೂಲಿನ ಮೇಲೆ ಹಾಕಲು ಸಮಯ ಕಾಯುತ್ತಿದ್ದಾನೆ.

ಅಕ್ಟೋಬರ್ 13

ಕಾಲು ಹೋಯಿತು. ಮೊಣಕಾಲಿನ ಮೇಲಿಂದ.

ಅಕ್ಟೋಬರ್ 17, ಮಂಗಳವಾರ

ಲಿಯೋನಿಗೆ ಜ್ವರ ಇಳಿದಿದೆ. ಬದುಕುತ್ತಾಳಂತೆ. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, "ಸಿಸ್ಟರ್, ಇನ್ನು ನಾನು ದಡದಲ್ಲಿ ಮಂಡಿಯೂರಿ ಹೇಗೆ ಬಟ್ಟೆ ಒಗೀಲಿ?" ಎಂದು. ಅವಳ ತಲೆ ಬಾಚಿ ಜಡೆ ಹಾಕಿದೆ.

ಮಿಲ್ಸಾಂ ಅವರು ಊರೆಲ್ಲ ಹೇಳುತ್ತಿದ್ದಾರೆ: ಹೊಸಬ ಹುಡುಗಿಯ ಮೇಲೆ ಪ್ರಯೋಗ ಮಾಡಿದ, ಕೊನೆಗೆ ಕತ್ತರಿಸಲೇಬೇಕಾಯಿತು. ಬರುವ ಸೋಮವಾರ ಮಂಡಳಿ ಸೇರಿ ಅವನನ್ನು ತೆಗೆದುಹಾಕುತ್ತದೆ. ಅವನು ಇನ್ನೂ ಬಾಯಿ ಬಿಟ್ಟಿಲ್ಲ. ಜೇಬಿನಲ್ಲಿ ನನ್ನ ನೂಲು ಇಟ್ಟುಕೊಂಡು ಏನು ಮಾಡುತ್ತಿದ್ದಾನೆ? ತಡೆಯಲಾಗಲಿಲ್ಲ. ಮಧ್ಯಾಹ್ನ ಅವನ ಕೋಣೆಗೆ ಹೋದೆ.

ಕಿಟಕಿಯ ಬಳಿ ಎರಡೇ ಲೋಟ. ಎರಡರಲ್ಲೂ ನೀಲಿ ಎಳೆಯ ನೂಲು. ಒಂದರ ಚೀಟಿಯಲ್ಲಿ 'ಗಾಯದಿಂದ ತೆಗೆದದ್ದು' ಎಂದಿತ್ತು. ಇನ್ನೊಂದರಲ್ಲಿ 'ಅದೇ, ಒಂದು ಗಂಟೆ ಕುದಿಸಿದ್ದು'. ಕುದಿಸಿದ್ದರ ಸಾರು ತಿಳಿನೀರಿನ ಹಾಗಿತ್ತು, ಮೊದಲನೆಯದು ಬಗ್ಗಡ. ಮೊದಲನೆಯದರ ಮುಚ್ಚಳ ತೆಗೆದು ಮೂಸಿದೆ.

"ಯಾವ ವಾಸನೆ, ಸಿಸ್ಟರ್?"

ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. ಗುರುವಾರ ಲಿಯೋನಿಯ ಹಾಸಿಗೆಯ ಬಳಿ ಬಂದ ವಾಸನೆ ಅದು. ಮೂವತ್ತೊಂದು ವರ್ಷ ನನ್ನ ವಾರ್ಡಿನಲ್ಲಿ ಇದ್ದ ವಾಸನೆಯೂ ಅದೇ. ಈ ತಿಂಗಳು ಇರಲಿಲ್ಲ, ಅದನ್ನು ನಾನು ಗಮನಿಸಿಯೇ ಇರಲಿಲ್ಲ.

"ಹೋದ ತಿಂಗಳ ಲೋಟದಲ್ಲೂ ಇದೇ ಆಗಿತ್ತು, ಆ ನೋಟರಿ ಮನೆ ನೂಲು ಹಾಕಿದ್ರಲ್ಲ," ಎಂದೆ.

"ಓ, ಅವತ್ತೂ ಬಂದಿದ್ರಾ?" ಎಂದರು. ಸಿಟ್ಟಾಗಲಿಲ್ಲ.

"ಯಾರು ಇಟ್ಟದ್ದು ಅಂತ ನಿಮಗೆ ಗೊತ್ತು. ಮತ್ತೆ ಯಾಕೆ ಹೇಳ್ಲಿಲ್ಲ? ಹೇಳಿದ್ರೆ ನಿಮ್ಮ ಕೆಲಸ ಉಳೀತಿತ್ತು."

ಕುರ್ಚಿಯಲ್ಲಿ ಕೂತರು. ಕಣ್ಣ ಕೆಳಗೆ ಕಪ್ಪಾಗಿತ್ತು.

"ಹೇಳಿದ್ರೆ ನಿಮ್ಮನ್ನ ಕಳಿಸಿ ಇನ್ನೊಬ್ಬ ಸಿಸ್ಟರನ್ನ ತರ್ತಾರೆ. ಅವರ ಬೀರುವಿನಲ್ಲೂ ಇಂಥ ನೂಲು ಇರತ್ತೆ. ಕಸ ಅಂತ ಬೈದು ಹೋದೋನು ನಾನು. ಯಾಕೆ ಕಸ ಅಂತ ಈ ಲೋಟ ತಂದು ನಿಮ್ಮ ಮೂಗಿಗೆ ಹಿಡಿದಿದ್ರೆ ಸಾಕಿತ್ತು. ಹತ್ತು ನಿಮಿಷದ ಕೆಲಸ. ನನಗೆ ಪುರುಸೊತ್ತಿರಲಿಲ್ಲ." ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು. "ಓದೋ ಕಾಲದಲ್ಲಿ ಹೆಣ ಕೊಯ್ದ ಕೈಯಲ್ಲೇ ಬಾಣಂತೀರನ್ನ ಮುಟ್ಟಿದೀನಿ, ಸಿಸ್ಟರ್. ಎಷ್ಟು ಜನ ಹೋದ್ರು ಅಂತ ಒಂದಿನ ಲೆಕ್ಕ ಹಾಕೋಕೆ ಕೂತೆ. ಮುಗಿಸಲಿಲ್ಲ."

ಇದೂ ನನ್ನನ್ನು ಕರಗಿಸುವ ಉಪಾಯವಿರಬಹುದು ಎಂದುಕೊಂಡು ವಾರ್ಡಿಗೆ ಮರಳಿದೆ. ಹಾಗೆಂದುಕೊಳ್ಳಲು ಬಹಳ ಪ್ರಯತ್ನಪಟ್ಟೆ. ದಿನಕ್ಕೆ ಹತ್ತು ಗಾಯ ಎಂದರೆ ಮೂವತ್ತೊಂದು ವರ್ಷಕ್ಕೆ ಎಷ್ಟು? ನಾನೂ ಮುಗಿಸಲಿಲ್ಲ. ಅಳು ಬಂತು.

ಅಕ್ಟೋಬರ್ 20, ಶುಕ್ರವಾರ

ಕೈ ತೊಳೆದುಕೊಂಡು ಬಂದು ಬರೆಯುತ್ತಿದ್ದೇನೆ.

ಮದರ್ ಕ್ಲೋತಿಲ್ಡ್ ಖುಷಿಯಾಗಿದ್ದಾರೆ. "ನೀನು ಎಲ್ಲ ಬರೆದಿಟ್ಟಿದ್ದೀಯಲ್ಲ, ಆಪೊಲಿನ್, ಆ ಪುಸ್ತಕ ಕೊಡು. ಕೋಟು ಸುಟ್ಟಿದ್ದು, ಸಾರು ಕೊಳೆಸಿದ್ದು, ಪಟ್ಟಿ ಬಿಚ್ಚದೇ ಇದ್ದದ್ದು, ಎಲ್ಲಾನೂ ಮಿಲ್ಸಾಂ ಅವರು ಸೋಮವಾರ ಮಂಡಳಿ ಮುಂದೆ ಓದ್ತಾರೆ."

ಬರೆಯುತ್ತಿದ್ದೇನೆಂದು ಅವರಿಗೆ ಹೇಳಿದ್ದು ನಾನೇ. ಜಂಬ.

ಅಕ್ಟೋಬರ್ ಎಂಟರಿಂದ ಈಚಿನ ಹಾಳೆಗಳು ಇದರಲ್ಲಿ ಇಲ್ಲದಿದ್ದರೆ ಡಾಕ್ಟರು ಹೋಗುತ್ತಾರೆ, ನಾನು ಉಳಿಯುತ್ತೇನೆ. ಹೊಲಿಗೆ ಬಿಚ್ಚಿ ಅವನ್ನು ತೆಗೆದು ಮತ್ತೆ ಹೊಲಿದರೆ ಮದರ್‌ಗಾಗಲಿ ಮಂಡಳಿಗಾಗಲಿ ಗೊತ್ತಾಗದು. ಎಳೆ ಬಿಡಿಸುವುದೇ ನನ್ನ ವಿದ್ಯೆ. ಊಟವಾದ ಮೇಲೆ ಸೂಜಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ.

ಆಮೇಲೆ ಲಿಯೋನಿಯ ಹಾಸಿಗೆಯ ಬಳಿ ಹೋಗಿ ಎಲ್ಲ ಹೇಳಿದೆ. ಭಾನುವಾರದ್ದು, ಚೀಲದ್ದು, ನನ್ನ ಬೆರಳಿನದ್ದು.

"ನನಗೆ ಯಾಕೆ ಹೇಳ್ತಿದೀರಿ?"

"ಸೋಮವಾರ ಊರಿಗೆಲ್ಲ ಗೊತ್ತಾಗತ್ತೆ. ನೀನು ಬೇರೆಯವರ ಬಾಯಿಂದ ಕೇಳಬಾರದು."

ಹೊದಿಕೆಯಲ್ಲಿ ಕಾಲಿರಬೇಕಾದ ಕಡೆ ಚಪ್ಪಟೆಯಾಗಿದೆ. ಅವಳು ಅದನ್ನೇ ನೋಡುತ್ತಿದ್ದಳು. "ಬ್ರೆಡ್ಡು ಮುಟ್ಟೋ ಮುಂಚೆ ಕೈ ತೋರಿಸು ಅಂತಿದ್ರಿ. ಉಗುರಲ್ಲಿ ಮಣ್ಣಿದ್ರೆ ಊಟ ಇಲ್ಲ ಅಂತಿದ್ರಿ."

"ಹೌದು."

"ಹೋಗಿ, ಸಿಸ್ಟರ್."

ಗೋಡೆಯ ಕಡೆ ತಿರುಗಿದಳು. ಮದಾಂ ತಿಬೋ ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು.

ಹಾಳೆ ಹರಿಯುವುದಿಲ್ಲ. ಪುಸ್ತಕ ನಾಳೆ ಕೊಡುತ್ತೇನೆ.

ಅಕ್ಟೋಬರ್ 24, ಮಂಗಳವಾರ

ಪುಸ್ತಕ ವಾಪಸು ಬಂತು, ಹೊದಿಕೆಯ ಮೇಲೆ ಮಿಲ್ಸಾಂ ಅವರ ನಶ್ಯದ ಕಲೆಯೊಂದಿಗೆ. ಅವರೇ ಗಟ್ಟಿಯಾಗಿ ಓದಿದರು. ಕೋಟಿನ ವಿಷಯ ಬಂದಾಗ ಮೇಜು ಗುದ್ದಿದರು. ಎಂಟನೆಯ ತಾರೀಖಿಗೆ ಬಂದವರು, 'ನನಗೆ ಕಲಿಸಿದ ಮೊದಲ ಪಾಠ' ಎಂಬಲ್ಲಿ ನಿಂತುಬಿಟ್ಟರು. ಕನ್ನಡಕ ತೆಗೆದರು. ಉಳಿದದ್ದನ್ನು ಮಂಡಳಿಯಲ್ಲಿರುವ ನೋಟರಿ ಓದಿದರು.

ಡಾಕ್ಟರು ಉಳಿದರು, ಒಂದೇ ಒಂದು ಮತದಿಂದ. ನನ್ನನ್ನು ವಾರ್ಡಿನಿಂದ ತೆಗೆದು ಬಟ್ಟೆ ಒಗೆಯುವ ಮನೆಗೆ ಹಾಕಿದ್ದಾರೆ. ಮದರ್ ನನ್ನೊಡನೆ ಮಾತಾಡುತ್ತಿಲ್ಲ. ಮದರ್ ಫೆಲಿಸಿತೆಯ ಚೀಲವನ್ನು ನಾನೇ ಒಯ್ದು ಒಲೆಗೆ ಹಾಕಿದೆ. ಬೇಗ ಉರಿಯಿತು.

1877, ಫೆಬ್ರವರಿ 15

ಬಹಳ ದಿನವಾಯಿತು, ಬರೆದು. ಬರೆಯುವಂಥದ್ದೇನಿಲ್ಲ, ಕುದಿಸುವುದೊಂದೇ. ಹಾಸುಬಟ್ಟೆ, ಪಟ್ಟಿ, ಡಾಕ್ಟರ ಬಿಳಿ ಅಂಗಿಗಳು, ಎಲ್ಲ ಒಂದು ಗಂಟೆ. ಹೊಸದಾಗಿ ಬಂದ ಸಿಸ್ಟರ್ ತಾನು ಪೂರಾ ಒಂದು ಗಂಟೆ ಕುದಿಸಿದೆ ಎನ್ನುತ್ತಾಳೆ. ನಾನು ನಂಬಲಿಲ್ಲ. ಅವಳ ಉಗುರು ನೋಡಿದೆ, ಆಗಂತೂ ಇನ್ನೂ ನಂಬಲಿಲ್ಲ. ಹಂಡೆಯ ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು ಮತ್ತೆ ಕುದಿಸಿದೆ. ಈ ಮಠದಲ್ಲಿ ಯಾರ ಮೇಲೂ ಕಣ್ಣು ಮುಚ್ಚಿ ನಂಬಿಕೆ ಇಡುವಂತಿಲ್ಲ.

ಡಿಸೆಂಬರಿನಿಂದ ಲಿಯೋನಿಯೂ ಇಲ್ಲೇ ಕೆಲಸಕ್ಕೆ ಬರುತ್ತಾಳೆ. ಹಂಡೆಯ ಬಳಿ ಮಂಡಿಯೂರಬೇಕಿಲ್ಲ, ಎತ್ತರದ ಸ್ಟೂಲಿನ ಮೇಲೆ ಕೂತು ಪಟ್ಟಿ ಸುತ್ತಬಹುದು ಎಂದು ಡಾಕ್ಟರೇ ಹೇಳಿ ಕೆಲಸ ಕೊಡಿಸಿದರು. ಮರದ ಕಾಲಿನ ಸದ್ದು ಅಂಗಳದ ಕಲ್ಲಿನ ಮೇಲೆ ದೂರದಿಂದಲೇ ಕೇಳಿಸುತ್ತದೆ. ನನ್ನೊಡನೆ ಹೆಚ್ಚು ಮಾತಿಲ್ಲ. ನಾನು ಕೇಳುವುದೂ ಇಲ್ಲ.

ಇವತ್ತು ಬೆಳಿಗ್ಗೆ ಕುದಿಸಿದ ಪಟ್ಟಿಗಳ ಬುಟ್ಟಿ ಎತ್ತಲು ಕೈ ಚಾಚಿದೆ. ಮದಾಂ ತಿಬೋಗೆ ಮತ್ತೆ ಗಡ್ಡೆ ಬಂದಿದೆ, ಹತ್ತು ಗಂಟೆಗೆ ಆಪರೇಷನ್. ಲಿಯೋನಿ ಬುಟ್ಟಿಯ ಮೇಲೆ ಅಡ್ಡಲಾಗಿ ಕೈ ಇಟ್ಟಳು.

"ಕೈ ತೋರಿಸಿ, ಸಿಸ್ಟರ್."

ತೋರಿಸಿದೆ.

"ಎರಡೂ ಬದಿ."

ತಿರುಗಿಸಿದೆ. ಬಿರಿದ ಸಂದಿಗಳನ್ನು, ಒಂದೊಂದೇ ಉಗುರನ್ನು ನೋಡಿದಳು. ನಾನು ಅವಳ ಚಿಕ್ಕಂದಿನಲ್ಲಿ ನೋಡುತ್ತಿದ್ದುದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಆಮೇಲೆ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು.